ಬಂದರು ಮುಚ್ಚಿದ ಮೇಲೆ ಬೆಳೆದ ನಗರ: ಲಂಡನ್, ಒಂದು ಪ್ರಕರಣ ಅಧ್ಯಯನ

1957ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿದರವನ್ನು ಒಂದೇ ಸಲಕ್ಕೆ ಶೇ 5ರಿಂದ ಶೇ 7ಕ್ಕೆ ಏರಿಸಿತು. ಹಿಂದಿನ ವರ್ಷವಷ್ಟೇ ಸೂಯೆಜ್ ಕಾಲುವೆ ವಿಚಾರದಲ್ಲಿ ಬ್ರಿಟನ್‌ಗೆ ಮುಖಭಂಗವಾಗಿತ್ತು. ಪೌಂಡ್ ಇಟ್ಟುಕೊಂಡವರೆಲ್ಲ ಅದನ್ನು ಮಾರಿ ಕೈತೊಳೆದುಕೊಳ್ಳುವ ಆತುರದಲ್ಲಿದ್ದರು. ಬಡ್ಡಿ ಏರಿಸಿದ್ದು ಸಾಲದು ಅಂತ ಇನ್ನೊಂದು ಕಟ್ಟಳೆಯೂ ಬಂತು. ಬ್ರಿಟನ್‌ಗೆ ಸಂಬಂಧವೇ ಇಲ್ಲದ ಎರಡು ದೇಶಗಳ ನಡುವಿನ ವ್ಯಾಪಾರಕ್ಕೆ ಲಂಡನ್ನಿನ ಬ್ಯಾಂಕುಗಳು ಇನ್ನು ಪೌಂಡ್‌ನಲ್ಲಿ ಸಾಲ ಕೊಡುವಂತಿರಲಿಲ್ಲ.

ಕೇಳಲು ಇದು ಸಣ್ಣ ಆದೇಶ. ಆದರೆ ಲಂಡನ್ನಿನ ಹಳೇ ಕಸುಬೇ ಅದಾಗಿತ್ತು. ದಕ್ಷಿಣ ಅಮೆರಿಕದ ಧಾನ್ಯ ಯುರೋಪಿಗೆ ಹೋಗಲಿ, ಏಷ್ಯಾದ ರಬ್ಬರ್ ಅಮೆರಿಕಕ್ಕೆ ಹೋಗಲಿ, ಸರಕಿಗೂ ಲಂಡನ್‌ಗೂ ಯಾವ ನಂಟೂ ಇರಬೇಕಿರಲಿಲ್ಲ. ಹುಂಡಿ, ಅಂದರೆ ಇಂತಿಷ್ಟು ದಿನಕ್ಕೆ ಹಣ ಸಲ್ಲಬೇಕು ಅನ್ನುವ ವ್ಯಾಪಾರದ ಪತ್ರ, ಅದನ್ನು ಮಾತ್ರ ಲಂಡನ್ನಿನ ಮೇಲೆ, ಪೌಂಡ್ ಲೆಕ್ಕದಲ್ಲಿ ಬರೆಯುತ್ತಿದ್ದರು. ನೂರು ವರ್ಷಕ್ಕೂ ಜಾಸ್ತಿ ಕಾಲ ಈ ನಗರ ಬದುಕಿದ್ದು ಹೀಗೆ. ಈಗ ಆ ಕಸುಬಿನ ಕತ್ತು ಹಿಸುಕಿದ್ದು ತನ್ನದೇ ಸರ್ಕಾರ.

ಇಂಥ ಪೆಟ್ಟು ತಿಂದ ನಗರ ಮೆಲ್ಲಗೆ ಹಿಂದೆ ಸರಿಯಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. ಮುಂದಿನ ಮೂವತ್ತು ವರ್ಷಗಳಲ್ಲಿ ಬ್ರಿಟನ್ ಬಲ ಕಳೆದುಕೊಳ್ಳುತ್ತಾ ಹೋಯಿತು, ಲಂಡನ್ ಪ್ರಭಾವ ಗಳಿಸುತ್ತಾ ಹೋಯಿತು. ಒಂದು ನಗರ ಜಗತ್ತಿನ ಮೇಲೆ ಹಿಡಿತ ಸಾಧಿಸುವುದು ಹೇಗೆ ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಕಂಡಿಲ್ಲ. ಸಾಮಾನ್ಯವಾಗಿ ನಾವು ಕೊಡುವ ಕಾರಣಗಳೆಲ್ಲ ಇಲ್ಲಿ ಒಂದೊಂದಾಗಿ ಕಳಚಿ ಬೀಳುತ್ತವೆ. ಲಂಡನ್ನಿನ ವಿಶ್ವವಿದ್ಯಾಲಯ, ರಂಗಭೂಮಿ, ಫುಟ್‌ಬಾಲ್, ಬಿಬಿಸಿ ಇವುಗಳಿಗೂ ಜಗತ್ತಿನಲ್ಲಿ ದೊಡ್ಡ ಮಾತಿದೆ. ಅದು ಬೇರೆ ಕಥೆ. ಇಲ್ಲಿ ನೋಡುತ್ತಿರುವುದು ಹಣದ ವಹಿವಾಟನ್ನು ಮಾತ್ರ.

ಕೈಬಿಟ್ಟು ಹೋದದ್ದು

ಮೊದಲು ಪೌಂಡ್ ಕಥೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. 1946ರಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಪಡೆಯಿತು. ಅದರ ಷರತ್ತಿನಂತೆ 1947ರ ಜುಲೈನಲ್ಲಿ ಪೌಂಡನ್ನು ಡಾಲರ್‌ಗೆ ಬದಲಾಯಿಸಿಕೊಳ್ಳಲು ಬಿಟ್ಟಿತು. ಜನ ಮುಗಿಬಿದ್ದರು. ಐದೇ ವಾರಕ್ಕೆ ಬಾಗಿಲು ಹಾಕಬೇಕಾಯಿತು. 1949ರಲ್ಲಿ ಪೌಂಡ್ ಬೆಲೆ 4.03 ಡಾಲರ್‌ನಿಂದ 2.80ಕ್ಕೆ ಇಳಿಯಿತು. 1967ರಲ್ಲಿ 2.40ಕ್ಕೆ. 1976ರಲ್ಲಿ ಬ್ರಿಟನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಿ 390 ಕೋಟಿ ಡಾಲರ್ ಸಾಲ ಕೇಳಿತು.

ಸಾಮ್ರಾಜ್ಯ ಕರಗಿದ್ದನ್ನು ವಿವರಿಸಬೇಕಿಲ್ಲ.

ಬಂದರಿನ ಕಥೆ ಅಷ್ಟಾಗಿ ಯಾರಿಗೂ ನೆನಪಿಲ್ಲ. ಪೂರ್ವ ಲಂಡನ್ನಿನ ಥೇಮ್ಸ್ ದಂಡೆಯ ಡಾಕ್‌ಗಳು, ಅಂದರೆ ಹಡಗುಕಟ್ಟೆಗಳು, ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಂದರು. 1956ರಲ್ಲಿ ಅಮೆರಿಕದಲ್ಲಿ ಐಡಿಯಲ್ ಎಕ್ಸ್ ಅನ್ನುವ ಹಡಗು ಕಂಟೇನರ್ ಹೊತ್ತು ಹೊರಟಿತು. ಅಲ್ಲಿಂದ ಹತ್ತು ಹನ್ನೆರಡು ವರ್ಷಗಳಲ್ಲಿ ಲಂಡನ್ನಿನ ಹಳೇ ಡಾಕ್‌ಗಳ ಆಯುಸ್ಸು ಮುಗಿಯತೊಡಗಿತು. ಕಂಟೇನರ್ ಹಡಗಿಗೆ ಆಳದ ನೀರು ಬೇಕು, ದಂಡೆಯಲ್ಲಿ ವಿಶಾಲ ಬಯಲು ಬೇಕು. ಇಕ್ಕಟ್ಟಾದ ಗೋದಾಮು ಸಾಲಿನಲ್ಲಿ ಎರಡೂ ಇರಲಿಲ್ಲ. ಈಸ್ಟ್ ಇಂಡಿಯಾ ಡಾಕ್ 1967ರಲ್ಲಿ ಮುಚ್ಚಿತು, ಸೇಂಟ್ ಕ್ಯಾಥರೀನ್ 1968ರಲ್ಲಿ, ಸರ್ರೆ 1970ರಲ್ಲಿ, ವೆಸ್ಟ್ ಇಂಡಿಯಾ 1980ರಲ್ಲಿ. ಉಳಿದಿದ್ದ ರಾಯಲ್ ಡಾಕ್‌ಗಳೂ 1981ರಲ್ಲಿ ಕೊನೆಯುಸಿರೆಳೆದವು. ವ್ಯಾಪಾರ ನದಿಯ ಕೆಳಗಿನ ಟಿಲ್‌ಬರಿಗೂ ಪೂರ್ವ ಕರಾವಳಿಯ ಫೆಲಿಕ್ಸ್‌ಟೋಗೂ ಹೋಯಿತು. ಮೂಟೆ ಹೊತ್ತು ಬದುಕಿದ ಬೀದಿಗಳು ಕೆಲಸವಿಲ್ಲದೆ ಖಾಲಿ ಕೂತವು.

ಜನಸಂಖ್ಯೆಯೂ ಅಷ್ಟೇ. 1939ರಲ್ಲಿ ಗ್ರೇಟರ್ ಲಂಡನ್‌ನಲ್ಲಿ ಸುಮಾರು 86 ಲಕ್ಷ ಜನ ಇದ್ದರು. 1980ರ ದಶಕಕ್ಕೆ ಅದು 68 ಲಕ್ಷದ ಆಸುಪಾಸಿಗೆ ಬಂದಿತ್ತು. ಈ ಕುಗ್ಗಿದ, ಬಂದರಿಲ್ಲದ, ದುರ್ಬಲ ಕರೆನ್ಸಿಯ ನಗರವನ್ನು 1986ರಲ್ಲಿ ಅಳೆದಾಗ ಜಗತ್ತಿನ ಅತಿ ದೊಡ್ಡ ವಿದೇಶಿ ವಿನಿಮಯ ಮಾರುಕಟ್ಟೆ ಅಲ್ಲೇ ಇತ್ತು. ನ್ಯೂಯಾರ್ಕ್, ಟೋಕಿಯೋ ಎರಡೂ ಹಿಂದೆ ಇದ್ದವು. ಆ ಹೊತ್ತಿಗೆ ಅಮೆರಿಕ ಜಗತ್ತಿನ ಮೊದಲ ಆರ್ಥಿಕತೆ, ಜಪಾನ್ ಎರಡನೆಯದು.

ಯಾರದೋ ಡಾಲರ್

ನಡುವೆ ನಡೆದದ್ದು ಏನು? ಉತ್ತರ 1955ರಲ್ಲಿ ಶುರುವಾಗುತ್ತದೆ, ಒಂದು ಸಾಧಾರಣ ಲೆಕ್ಕಾಚಾರದಿಂದ.

ಅಮೆರಿಕದಲ್ಲಿ 1930ರ ದಶಕದ ಬ್ಯಾಂಕ್ ಕುಸಿತದ ನಂತರ ರೆಗ್ಯುಲೇಷನ್ ಕ್ಯೂ ಅನ್ನುವ ನಿಯಮ ಬಂದಿತ್ತು. ಠೇವಣಿಗೆ ಬ್ಯಾಂಕುಗಳು ಇಷ್ಟಕ್ಕಿಂತ ಜಾಸ್ತಿ ಬಡ್ಡಿ ಕೊಡುವಂತಿಲ್ಲ ಅಂತ ಅದು ಮಿತಿ ಹಾಕಿತ್ತು. 30 ದಿನದ ಠೇವಣಿಗೆ ಶೇ 1 ಮಾತ್ರ. ಲಂಡನ್ನಿನ ಮಿಡ್‌ಲ್ಯಾಂಡ್ ಬ್ಯಾಂಕ್ ಡಾಲರ್ ಇಟ್ಟುಕೊಂಡವರಿಗೆ ಶೇ 1.875 ಕೊಡುತ್ತೇವೆ ಅಂದಿತು. ಬಂದ ಡಾಲರನ್ನು ಮಾರಿ ಪೌಂಡ್ ಮಾಡಿಕೊಂಡಿತು. ಮುಂದೊಂದು ದಿನ ಇಂತಿಷ್ಟು ಬೆಲೆಗೆ ಡಾಲರ್ ವಾಪಸ್ ಕೊಳ್ಳುವ ಒಪ್ಪಂದವನ್ನೂ ಮೊದಲೇ ಮಾಡಿಕೊಂಡಿತು. ಎಲ್ಲ ಸೇರಿ ಅದಕ್ಕೆ ಬಿದ್ದ ಖರ್ಚು ಶೇ 4. ಆಗ ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಶೇ 4.5. ಅಗ್ಗದ ದುಡ್ಡು ಸಿಕ್ಕಂತಾಯಿತು.

ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಇದು ಕಾಣದೇ ಇರಲಿಲ್ಲ. ಆ ಕಾಲದಲ್ಲಿ ಗವರ್ನರ್ ಹುಬ್ಬೇರಿಸಿದರೆ ಸಾಕು, ಲಂಡನ್ನಿನ ಬ್ಯಾಂಕರ್‌ಗಳು ಹೆಜ್ಜೆ ಹಿಂದಿಡುತ್ತಿದ್ದರು. ಅಧಿಕಾರಿಗಳು ವಿಚಾರಿಸಿದರು, ನೋಡಿದರು, ಸುಮ್ಮನಾದರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಯಾವ ಯೋಜನೆಯೂ ಇಲ್ಲ, ಘೋಷಣೆಯೂ ಇಲ್ಲ. ತಡೆಯಬಹುದಾಗಿದ್ದವರು ತಡೆಯಲಿಲ್ಲ.

ಡಾಲರ್ ತಂದವರಲ್ಲಿ ಸೋವಿಯತ್ ಒಕ್ಕೂಟವೂ ಇತ್ತು ಅನ್ನುವುದು ಶೀತಲ ಸಮರದ ತಮಾಷೆಗಳಲ್ಲಿ ಒಂದು. ತೈಲ, ಚಿನ್ನ ಮಾರಿ ಬಂದ ಡಾಲರನ್ನು ಅಮೆರಿಕದ ಬ್ಯಾಂಕಿನಲ್ಲಿ ಇಟ್ಟರೆ ಯಾವತ್ತಾದರೂ ಮುಟ್ಟುಗೋಲು ಹಾಕಿಕೊಂಡಾರು ಅನ್ನುವ ಭಯ ಮಾಸ್ಕೋಗೆ. ಹಾಗಾಗಿ ಲಂಡನ್ನಿನಲ್ಲಿದ್ದ ತನ್ನದೇ ಮಾಸ್ಕೋ ನರೋದ್ನಿ ಬ್ಯಾಂಕ್ ಮೂಲಕ ಯುರೋಪಿನಲ್ಲೇ ಡಾಲರ್ ಇಟ್ಟಿತು. ಪ್ಯಾರಿಸ್‌ನಲ್ಲಿ ಸೋವಿಯತ್ ಒಡೆತನದ ಇನ್ನೊಂದು ಬ್ಯಾಂಕಿನ ಟೆಲೆಕ್ಸ್ ವಿಳಾಸ ಯುರೋಬ್ಯಾಂಕ್. ಈ ಹೊರನಾಡ ಡಾಲರ್‌ಗಳಿಗೆ ಯುರೋಡಾಲರ್ ಅನ್ನುವ ಹೆಸರು ಬಂದದ್ದು ಅದರಿಂದಲೇ ಅಂತ ಹೇಳುತ್ತಾರೆ.

1957ರ ಕಟ್ಟಳೆ ಬಂದಾಗ ಈ ಹೊಸ ದಾರಿ ರೆಡಿ ಇತ್ತು. ಪೌಂಡ್‌ನಲ್ಲಿ ಸಾಲ ಕೊಡಬಾರದು ಅಂದಿದ್ದರು, ಡಾಲರ್‌ನಲ್ಲಿ ಕೊಡಬಾರದು ಅಂದಿರಲಿಲ್ಲ. ಬ್ಯಾಂಕುಗಳು ಕರೆನ್ಸಿ ಬದಲಿಸಿ ಹಳೇ ಕಸುಬು ಮುಂದುವರಿಸಿದವು. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲೇ ದೊಡ್ಡ ಹುದ್ದೆಯಲ್ಲಿದ್ದ ಸರ್ ಜಾರ್ಜ್ ಬೋಲ್ಟನ್ ಅದೇ ವರ್ಷ ಹೊರಬಂದು ಬ್ಯಾಂಕ್ ಆಫ್ ಲಂಡನ್ ಅಂಡ್ ಸೌತ್ ಅಮೆರಿಕದ ಮುಖ್ಯಸ್ಥರಾದರು. ಯುರೋಡಾಲರ್ ವ್ಯವಹಾರಕ್ಕೆ ಕೈಹಾಕಿದ ಮೊದಲಿಗರಲ್ಲಿ ಅವರೂ ಒಬ್ಬರು.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಈ ಡಾಲರ್‌ಗಳು ಲಂಡನ್‌ಗೆ ಬರಲೇ ಇಲ್ಲ. ನೋಟಿನ ಕಂತೆ ಯಾವ ಹಡಗಿನಲ್ಲೂ ಬಂದಿಳಿಯಲಿಲ್ಲ. ಕೊನೆಯ ಲೆಕ್ಕ ನ್ಯೂಯಾರ್ಕ್ ಬ್ಯಾಂಕುಗಳ ಖಾತೆ ಪುಸ್ತಕದಲ್ಲೇ ಇತ್ತು. ಯಾರಿಗೆ ಸಾಲ, ಎಷ್ಟು ಬಡ್ಡಿ, ಯಾವ ಷರತ್ತು, ಜಗಳ ಬಂದರೆ ಯಾವ ಕೋರ್ಟು ಅನ್ನುವುದೆಲ್ಲ ಲಂಡನ್ನಿನಲ್ಲಿ ತೀರ್ಮಾನವಾಗುತ್ತಿತ್ತು. ಸಂತೆ ನಡೆಯುವ ಊರಿನವರು ತಾವೇ ರಾಗಿ ಬೆಳೆಯಬೇಕಿಲ್ಲವಲ್ಲ, ಹಾಗೆ. ವಸ್ತು ಎಲ್ಲಿದೆ ಅನ್ನುವುದಕ್ಕಿಂತ ಮಾತು ಎಲ್ಲಿ ಮುಗಿಯುತ್ತದೆ ಅನ್ನುವುದೇ ಪ್ರಭಾವದ ಅಳತೆ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಬಾಗಿಲು ಹಾಕಿಕೊಂಡವರು

ಲಂಡನ್ ಗೆದ್ದದ್ದರಲ್ಲಿ ಅರ್ಧ ಪಾಲು ಬೇರೆಯವರ ತಪ್ಪು ಹೆಜ್ಜೆಗಳದು. ತಪ್ಪು ಅನ್ನುವುದೂ ಸರಿಯಲ್ಲ. ಪ್ರತಿ ದೇಶಕ್ಕೂ ತನ್ನ ಮನೆಯ ಚಿಂತೆ ಇತ್ತು.

ಪಶ್ಚಿಮ ಜರ್ಮನಿಗೆ ಬೆಲೆ ಏರಿಕೆಯ ಹೆದರಿಕೆ. ಹೊರಗಿನ ದುಡ್ಡು ನುಗ್ಗಿ ಬಂದರೆ ಬೆಲೆ ಏರುತ್ತದೆ ಅಂತ 1960ರಲ್ಲಿ ವಿದೇಶಿಯರ ಠೇವಣಿಗೆ ಬಡ್ಡಿ ಕೊಡುವುದನ್ನೇ ನಿಲ್ಲಿಸಿತು. 1960ರ ದಶಕದ ಮಧ್ಯದಲ್ಲಿ ಜರ್ಮನ್ ಬಾಂಡ್ ಕೊಂಡ ವಿದೇಶಿಯರ ಬಡ್ಡಿ ಆದಾಯದ ಮೇಲೆ ಶೇ 25 ತೆರಿಗೆ ಹಾಕಿತು. ಸ್ವಿಟ್ಜರ್ಲೆಂಡ್‌ಗೂ ಅದೇ ಚಿಂತೆ, ಅದರ ಅಧಿಕಾರಿಗಳೂ ಹೊರಗಿನ ದುಡ್ಡಿಗೆ ಅಡ್ಡಗಾಲು ಹಾಕಿದರು. ಫ್ರಾನ್ಸ್‌ನಲ್ಲಿ ಬ್ಯಾಂಕುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿತ್ತು. ಜಪಾನ್ ಹಣದ ಮಾರುಕಟ್ಟೆಯನ್ನು ಹೊರಗಿನವರಿಗೆ ತೆರೆದೇ ಇರಲಿಲ್ಲ.

ದೊಡ್ಡ ಉಡುಗೊರೆ ಬಂದದ್ದು ವಾಷಿಂಗ್ಟನ್‌ನಿಂದ. ಡಾಲರ್ ಹೊರಗೆ ಹರಿದು ಹೋಗುತ್ತಿದೆ ಅನ್ನುವ ಆತಂಕದಲ್ಲಿ 1963ರ ಜುಲೈ 18ರಂದು ಅಧ್ಯಕ್ಷ ಕೆನಡಿ ಹೊಸ ತೆರಿಗೆಯೊಂದನ್ನು ಪ್ರಕಟಿಸಿದರು. ಅಮೆರಿಕನ್ನರು ವಿದೇಶಿ ಷೇರು, ಬಾಂಡ್ ಕೊಂಡರೆ ಶೇ 15ರವರೆಗೆ ತೆರಿಗೆ. ಅಲ್ಲಿಯವರೆಗೆ ಸಾಲ ಬೇಕಾದ ಯುರೋಪಿನ ಕಂಪನಿಗಳು, ಸರ್ಕಾರಗಳು ನ್ಯೂಯಾರ್ಕ್‌ಗೆ ಹೋಗುತ್ತಿದ್ದವು. ಇನ್ನು ಆ ದಾರಿ ದುಬಾರಿಯಾಯಿತು. 1965ರಲ್ಲಿ ಅಮೆರಿಕದ ಬ್ಯಾಂಕುಗಳು ಹೊರದೇಶಕ್ಕೆ ಸಾಲ ಕೊಡುವುದಕ್ಕೂ ಕಡಿವಾಣ ಬಿತ್ತು. ಆ ಬ್ಯಾಂಕುಗಳು ಏನು ಮಾಡಿದವು? ಲಂಡನ್ನಿನಲ್ಲಿ ಶಾಖೆ ತೆರೆದವು. ಮನೆಯಲ್ಲಿ ಮಾಡಬಾರದ ವ್ಯವಹಾರವನ್ನು ಅಲ್ಲಿಂದ ಮಾಡಿದವು.

ಕೆನಡಿ ಘೋಷಣೆಗೆ ಎರಡೂವರೆ ವಾರ ಮೊದಲೇ ಹೊಸ ದಾರಿಯ ಮೊದಲ ಗಾಡಿ ಹೊರಟಿತ್ತು. ಅದರ ವಿವರ ಸ್ವಾರಸ್ಯವಾಗಿದೆ. ಇಟಲಿಯ ಹೆದ್ದಾರಿ ಕಂಪನಿ ಆಟೋಸ್ಟ್ರಾಡೆಗಾಗಿ ಎತ್ತಿದ 1.5 ಕೋಟಿ ಡಾಲರ್ ಸಾಲ ಅದು. ವ್ಯವಹಾರ ಕುದುರಿಸಿದ್ದು ಲಂಡನ್ನಿನ ಎಸ್. ಜಿ. ವಾರ್ಬರ್ಗ್ ಬ್ಯಾಂಕ್. ಜತೆಗೆ ಬೆಲ್ಜಿಯಂ, ಜರ್ಮನಿ, ಹಾಲೆಂಡ್‌ನ ಒಂದೊಂದು ಬ್ಯಾಂಕ್. ಬ್ರಿಟನ್‌ನ ಮುದ್ರಾಂಕ ಶುಲ್ಕ ತಪ್ಪಿಸಲು ಬಾಂಡ್ ನೀಡುವ ಶಾಸ್ತ್ರ ಹಾಲೆಂಡ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ನಡೆಯಿತು. ಬ್ರಿಟನ್‌ನ ಆದಾಯ ತೆರಿಗೆ ತಾಗದಿರಲಿ ಅಂತ ಬಡ್ಡಿ ಕೊಡುವ ಜಾಗ ಲಕ್ಸೆಂಬರ್ಗ್. ಪಟ್ಟಿಯಾದದ್ದು ಲಂಡನ್ ಷೇರುಪೇಟೆಯಲ್ಲಿ. ಸಾಲ ಇಟಲಿಯದು, ಕರೆನ್ಸಿ ಅಮೆರಿಕದ್ದು, ಸಹಿ ಹಾಲೆಂಡಿನದು, ಬಡ್ಡಿ ಲಕ್ಸೆಂಬರ್ಗಿನದು. ಲಂಡನ್ನಿನದು ಬರೀ ತಲೆ ಮತ್ತು ಟೆಲಿಫೋನು. ಯುರೋಬಾಂಡ್ ಮಾರುಕಟ್ಟೆ ಹುಟ್ಟಿದ್ದು ಹೀಗೆ.

ಇದರ ಹಿಂದಿದ್ದ ಸೀಗ್‌ಮಂಡ್ ವಾರ್ಬರ್ಗ್ ಜರ್ಮನಿಯ ಯಹೂದಿ ಬ್ಯಾಂಕರ್ ಮನೆತನದವರು. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಲಂಡನ್ ಸೇರಿದವರು. ಹಳೇ ಮನೆತನಗಳ ಬ್ಯಾಂಕರ್‌ಗಳಿಗೆ ಅವರ ಮೇಲೆ ಅಷ್ಟಕ್ಕಷ್ಟೇ. 1958–59ರಲ್ಲಿ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯನ್ನು ಅದರ ಆಡಳಿತ ಮಂಡಳಿಯ ಇಚ್ಛೆಗೆ ವಿರುದ್ಧವಾಗಿ ಕೊಳ್ಳಲು ಹೊರಟವರ ಪರ ನಿಂತು ಗೆದ್ದದ್ದಂತೂ ಆ ಬಳಗಕ್ಕೆ ನುಂಗಲಾರದ ತುತ್ತಾಗಿತ್ತು. ಇದೇ ರೀತಿ 1969ರಲ್ಲಿ ಇರಾನ್‌ಗೆ 8 ಕೋಟಿ ಡಾಲರ್ ಸಾಲ ಬೇಕಾದಾಗ ಹಲವು ಬ್ಯಾಂಕುಗಳನ್ನು ಕೂಡಿಸಿದವರು ಕ್ರೀಟ್ ದ್ವೀಪದಿಂದ ಬಂದ ಮಿನೋಸ್ ಜೊಂಬನಾಕಿಸ್. ಬ್ಯಾಂಕುಗಳು ತಮಗೆ ಹಣ ಎಷ್ಟಕ್ಕೆ ಸಿಗುತ್ತಿದೆ ಅಂತ ಹೇಳಬೇಕು, ಅದರ ಸರಾಸರಿಯ ಮೇಲೆ ಬಡ್ಡಿ ಆಗಾಗ ಬದಲಾಗಬೇಕು ಅನ್ನುವುದು ಅವರ ಉಪಾಯ. ಮುಂದೆ ಲೈಬೋರ್ ಅಂತ ಹೆಸರಾದ ದರದ ಮೂಲ ಅದೇ.

ಜರ್ಮನಿಯಿಂದ ಓಡಿಬಂದ ನಿರಾಶ್ರಿತ, ಗ್ರೀಸ್‌ನ ಬ್ಯಾಂಕರ್, ಅಮೆರಿಕದ ಶಾಖೆಗಳು, ಸೋವಿಯತ್ ಒಡೆತನದ ಬ್ಯಾಂಕು. ಲಂಡನ್ನಿನ ಹೊಸ ಪ್ರಭಾವ ಕಟ್ಟಿದವರ ಯಾದಿಯಲ್ಲಿ ಊರಿನ ಹಳೇ ಮಂದಿ ಕಮ್ಮಿ. ಅವರು ಮಾಡಿದ ಉಪಕಾರ ಏನೆಂದರೆ, ಮೂಗು ಮುರಿದರೂ ಹೊರಗಟ್ಟಲಿಲ್ಲ.

ಎರಡು ಬಾಗಿಲ ಮನೆ

ಈ ಕಥೆಯನ್ನು ಮುಕ್ತ ಮಾರುಕಟ್ಟೆಯ ಜಯ ಅಂತ ಹೇಳುವವರು ಜಾಸ್ತಿ. ನನಗೆ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಲಂಡನ್ ಹೊರಗಿನವರಿಗೆ ಬಾಗಿಲು ತೆರೆದಿದ್ದಾಗಲೇ ಒಳಗಿನವರಿಗೆ ಬೀಗ ಹಾಕಿತ್ತು. 1966ರಿಂದ 1970ರವರೆಗೆ ರಜೆಗೆ ವಿದೇಶಕ್ಕೆ ಹೋಗುವ ಬ್ರಿಟಿಷ್ ಪ್ರಜೆ ಒಯ್ಯಬಹುದಾಗಿದ್ದ ವಿದೇಶಿ ಹಣ 50 ಪೌಂಡ್‌ನಷ್ಟು ಮಾತ್ರ. ಅದೇ ಹೊತ್ತಿಗೆ ಅದೇ ನಗರದಲ್ಲಿ ವಿದೇಶಿಯರು ಕೋಟಿಗಟ್ಟಲೆ ಡಾಲರನ್ನು ಬೆಳಗ್ಗೆ ತಂದು ಸಂಜೆ ಸಾಗಿಸಬಹುದಿತ್ತು, ಕೇಳುವವರಿಲ್ಲ.

ಇದು ಜಾಣತನವೇ ಹೊರತು ತತ್ವವಲ್ಲ. ವಿದೇಶಿಯರ ನಡುವಿನ ಡಾಲರ್ ವ್ಯವಹಾರ ಪೌಂಡನ್ನು ಮುಟ್ಟುವುದಿಲ್ಲ. ಪೌಂಡ್ ಸುತ್ತ ಬೇಲಿ ಗಟ್ಟಿಯಾಗಿದ್ದರೆ, ಬೇಲಿಯಾಚೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ. ಅದರಿಂದ ಲಂಡನ್‌ಗೆ ಸಂಬಳ, ಬಾಡಿಗೆ, ಶುಲ್ಕ ಬರುತ್ತದೆ, ದೇಶಕ್ಕೆ ಡಾಲರ್ ಆದಾಯವೂ ಆಯಿತು. ವಿನಿಮಯ ನಿರ್ಬಂಧ ಪೂರ್ತಿ ಹೋದದ್ದು 1979ರ ಅಕ್ಟೋಬರ್‌ನಲ್ಲಿ, ಥ್ಯಾಚರ್ ಸರ್ಕಾರ ಬಂದ ಮೇಲೆ. ಅಷ್ಟರಲ್ಲಿ ಲಂಡನ್ ತನ್ನ ಜಾಗ ಹಿಡಿದಾಗಿತ್ತು. 1973ರ ತೈಲ ಬೆಲೆ ಏರಿಕೆಯಿಂದ ಕೊಲ್ಲಿ ದೇಶಗಳಿಗೆ ಬಂದ ಹಣದ ದೊಡ್ಡ ಪಾಲು ಇದೇ ಮಾರುಕಟ್ಟೆಯ ಮೂಲಕ ಲ್ಯಾಟಿನ್ ಅಮೆರಿಕದ ಸರ್ಕಾರಗಳಿಗೆ ಸಾಲವಾಗಿ ಹೋಯಿತು. ನ್ಯೂಯಾರ್ಕ್ ಎಚ್ಚೆತ್ತು ಇಂಥ ಹೊರನಾಡ ಖಾತೆಗಳಿಗೆ ತನ್ನಲ್ಲೇ ವಿನಾಯಿತಿ ಕೊಟ್ಟದ್ದು 1981ರ ಕೊನೆಗೆ. ತಡವಾಗಿತ್ತು.

ರಾಟರ್‌ಡ್ಯಾಮ್ ಯಾಕೆ ಲಂಡನ್ ಆಗಲಿಲ್ಲ

ನಿಯಮ ಸಡಿಲಿಸಿದ ಮಾತ್ರಕ್ಕೆ ಯಾವ ನಗರ ಬೇಕಾದರೂ ಲಂಡನ್ ಆಗಬಹುದಿತ್ತೇ? ಇಲ್ಲ. ಹಳೇ ಬೇರು ಕೆಲಸಕ್ಕೆ ಬಂತು.

ಹೋಲಿಕೆಗೆ ರಾಟರ್‌ಡ್ಯಾಮ್ ನೋಡಿ. 1962ರಿಂದ ಸುಮಾರು ನಾಲ್ಕು ದಶಕ ಅದು ಜಗತ್ತಿನ ಅತಿ ಹೆಚ್ಚು ಸರಕು ಸಾಗಿಸುವ ಬಂದರು. ಲಂಡನ್ನಿನ ಡಾಕ್‌ಗಳು ಸಾಯುತ್ತಿದ್ದ ಕಾಲ ಅದೇ. ಆದರೆ ರಾಟರ್‌ಡ್ಯಾಮ್‌ಗೆ ಬಂದಿಳಿಯುವ ಹಡಗಿಗೆ ವಿಮೆ ಎಲ್ಲಿ? ಎಷ್ಟೋ ಸಲ ಲಂಡನ್ನಿನ ಲಾಯ್ಡ್ಸ್‌ನಲ್ಲಿ. 17ನೇ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಅವರ ಕಾಫಿ ಅಂಗಡಿಯಲ್ಲಿ ಶುರುವಾದ ವ್ಯವಹಾರ ಅದು. ಹಡಗು ಬಾಡಿಗೆ ಗೊತ್ತು ಮಾಡುವ ದಲ್ಲಾಳಿ? ಬಾಲ್ಟಿಕ್ ಎಕ್ಸ್‌ಚೇಂಜ್, ಅದೂ ಲಂಡನ್. ಬಾಡಿಗೆ ಕರಾರಿನಲ್ಲಿ ತಕರಾರು ಬಂದರೆ? ಬಹಳಷ್ಟು ಕರಾರುಗಳಲ್ಲಿ ಇಂಗ್ಲಿಷ್ ಕಾನೂನು, ಲಂಡನ್ನಿನಲ್ಲಿ ಪಂಚಾಯ್ತಿ ಅಂತ ಮೊದಲೇ ಬರೆದಿರುತ್ತಾರೆ. ಗ್ರೀಕ್ ಮಾಲೀಕ, ಪನಾಮಾ ಧ್ವಜ, ಕೊರಿಯಾದಲ್ಲಿ ಕಟ್ಟಿದ ಹಡಗು, ಬ್ರೆಜಿಲ್‌ನ ಅದಿರು. ಜಗಳ ಮಾತ್ರ ಲಂಡನ್‌ಗೆ. ಹಡಗುಗಳ ಸುರಕ್ಷತೆಗೆ ನಿಯಮ ಮಾಡುವ ವಿಶ್ವಸಂಸ್ಥೆಯ ಅಂಗಸಂಸ್ಥೆ, ಅಂತರರಾಷ್ಟ್ರೀಯ ಸಾಗರ ಸಂಘಟನೆ, ಕೂತಿರುವುದೂ ಅಲ್ಲೇ, ಥೇಮ್ಸ್ ದಂಡೆಯಲ್ಲಿ.

ಲೋಹದ್ದೂ ಅದೇ ಕಥೆ. 1877ರಲ್ಲಿ ಶುರುವಾದ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ಮೂರು ತಿಂಗಳ ಒಪ್ಪಂದವೇ ಮುಖ್ಯ. ಚಿಲಿಯ ತಾಮ್ರ, ಮಲಯದ ತವರ ಹಡಗಿನಲ್ಲಿ ಬಂದು ಸೇರಲು ಆ ಕಾಲಕ್ಕೆ ಹಿಡಿಯುತ್ತಿದ್ದ ಸಮಯ ಅಷ್ಟು. ಆ ಹಡಗುಗಳು ಹೋದವು, ಬಂದರು ಹೋಯಿತು. ಮೂರು ತಿಂಗಳ ಲೆಕ್ಕ ಉಳಿಯಿತು, ಜಗತ್ತಿನ ತಾಮ್ರದ ಬೆಲೆ ಇವತ್ತಿಗೂ ಅದರ ಮೇಲೆ ನಿಂತಿದೆ. 2012ರಲ್ಲಿ ಈ ಎಕ್ಸ್‌ಚೇಂಜನ್ನೇ ಹಾಂಗ್‌ಕಾಂಗ್‌ನ ಷೇರುಪೇಟೆ ಸಂಸ್ಥೆ ಕೊಂಡುಕೊಂಡಿತು. ಹಾಗಂತ ಬೆಲೆ ನಿಗದಿ ಹಾಂಗ್‌ಕಾಂಗ್‌ಗೆ ಹೋಗಲಿಲ್ಲ.

ಗಡಿಯಾರದ ಪಾತ್ರವನ್ನೂ ಸೇರಿಸಬೇಕು. ಲಂಡನ್ನಿನಲ್ಲಿ ಬೆಳಗ್ಗೆ ಕಚೇರಿ ತೆರೆಯುವಾಗ ಏಷ್ಯಾ ಇನ್ನೂ ಎದ್ದಿರುತ್ತದೆ, ಮಧ್ಯಾಹ್ನಕ್ಕೆ ನ್ಯೂಯಾರ್ಕ್ ಎದ್ದೇಳುತ್ತದೆ. ಪ್ಯಾರಿಸ್, ಫ್ರಾಂಕ್‌ಫರ್ಟ್‌ಗೂ ಹೆಚ್ಚುಕಮ್ಮಿ ಇದೇ ಅನುಕೂಲ ಇದೆ. ಹಾಗಾಗಿ ಗಡಿಯಾರ ಒಂದೇ ಕಾರಣ ಆಗಲಾರದು. ಭಾಷೆ ಅದಕ್ಕೆ ಜತೆಗೂಡಿತು. ಹೊಸ ದುಡ್ಡು ಅಮೆರಿಕದ್ದು, ಅಮೆರಿಕದ ಬ್ಯಾಂಕರ್‌ಗೆ ಲಂಡನ್ನಿನಲ್ಲಿ ದುಭಾಷಿ ಬೇಕಿರಲಿಲ್ಲ. ಕಾನೂನಿನ ಅಡಿಪಾಯವೂ ಎರಡೂ ಕಡೆ ಒಂದೇ ಬಗೆಯದು.

ಬ್ರಿಟನ್‌ನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಂದು ಸಂಶೋಧನಾ ಜಾಲ ಜಗತ್ತಿನ ನಗರಗಳಿಗೆ ದರ್ಜೆ ಕೊಡುತ್ತದೆ. ಅವರು ಎಣಿಸುವುದು ಜನರನ್ನೂ ಅಲ್ಲ, ಸಂಪತ್ತನ್ನೂ ಅಲ್ಲ. ಲೆಕ್ಕಪತ್ರ, ಕಾನೂನು, ಜಾಹೀರಾತು, ಹಣಕಾಸು ಕಂಪನಿಗಳ ಕಚೇರಿಗಳು ಒಂದು ನಗರವನ್ನು ಬೇರೆ ನಗರಗಳಿಗೆ ಎಷ್ಟು ಹೆಣೆದಿವೆ ಅನ್ನುವುದನ್ನು. ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ವರ್ಷಗಟ್ಟಲೆಯಿಂದ ಇರುವುದು ಲಂಡನ್, ನ್ಯೂಯಾರ್ಕ್ ಎರಡೇ.

ಮಾಲೀಕರು ಹೋದರು, ಮಾರುಕಟ್ಟೆ ಉಳಿಯಿತು

1986ರ ಅಕ್ಟೋಬರ್ 27ರಂದು ಲಂಡನ್ ಷೇರುಪೇಟೆ ತನ್ನ ಹಳೇ ಕಟ್ಟುಪಾಡುಗಳನ್ನು ಒಂದೇ ದಿನ ಕೈಬಿಟ್ಟಿತು. ನಿಗದಿತ ಕಮಿಷನ್ ರದ್ದಾಯಿತು, ದಲ್ಲಾಳಿ ಸಂಸ್ಥೆಗಳನ್ನು ಪೂರ್ತಿಯಾಗಿ ಹೊರಗಿನವರು ಕೊಳ್ಳುವ ದಾರಿ ತೆರೆಯಿತು, ವ್ಯಾಪಾರ ಅಂಗಳದಿಂದ ಕಂಪ್ಯೂಟರ್ ಪರದೆಗೆ ಹೋಯಿತು. ಬಿಗ್ ಬ್ಯಾಂಗ್ ಅಂತ ಹೆಸರಾದ ದಿನ ಅದು. ಲಂಡನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಶುರು ಮಾಡುತ್ತಾರೆ. ನನ್ನ ಓದಿನಲ್ಲಿ ಇದು ಮೂವತ್ತು ವರ್ಷ ಹಳೆಯ ಕಥೆಯ ಕೊನೆಯ ಭಾಗ. ಡಾಲರ್ ವ್ಯವಹಾರಕ್ಕೆ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಷೇರು ವ್ಯವಹಾರಕ್ಕೂ ಕೊಟ್ಟರು, ಅಷ್ಟೇ.

ಪರಿಣಾಮ ಮಾತ್ರ ಜೋರಾಗಿತ್ತು. ಹತ್ತು ವರ್ಷದಲ್ಲಿ ಕಂಪನಿಗಳಿಗೆ ಬಂಡವಾಳ ಹೊಂದಿಸಿಕೊಡುವ ಬ್ರಿಟನ್‌ನ ಹೆಸರಾಂತ ವ್ಯಾಪಾರಿ ಬ್ಯಾಂಕುಗಳು ಸಾಲುಸಾಲಾಗಿ ಹೊರಗಿನವರ ಪಾಲಾದವು. ಮಾರ್ಗನ್ ಗ್ರೆನ್‌ಫೆಲ್ ಜರ್ಮನಿಯ ಡಾಯ್ಚ ಬ್ಯಾಂಕ್‌ಗೆ, ಕ್ಲೈನ್‌ವರ್ಟ್ ಬೆನ್ಸನ್ ಡ್ರೆಸ್ಡ್‌ನರ್‌ಗೆ. 1995ರಲ್ಲಿ ಸಿಂಗಪುರದಲ್ಲಿದ್ದ ತನ್ನದೇ ಒಬ್ಬ ವ್ಯಾಪಾರಿಯ ಜೂಜಿನಿಂದ ಮುಳುಗಿದ ಬೇರಿಂಗ್ಸ್ ಹಾಲೆಂಡ್‌ನ ಐಎನ್‌ಜಿಗೆ. ಅದೇ ವರ್ಷ ವಾರ್ಬರ್ಗ್ ಕಟ್ಟಿದ ಬ್ಯಾಂಕ್ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್‌ಗೆ. ಬ್ರಿಟಿಷರು ಇದನ್ನು ವಿಂಬಲ್ಡನ್‌ಗೆ ಹೋಲಿಸಿ ನಕ್ಕರು: ಪಂದ್ಯ ನಮ್ಮ ಅಂಗಳದಲ್ಲಿ, ಕಪ್ ಬೇರೆಯವರಿಗೆ. ಒಡೆತನ ಹೋಯಿತು, ಆದರೆ ಕೆಲಸ, ತೆರಿಗೆ, ಕಾನೂನು, ತೀರ್ಮಾನ ಉಳಿದವು. ತಮ್ಮವರದೇ ಬ್ಯಾಂಕ್ ಇರಬೇಕು ಅಂತ ಹಟ ಹಿಡಿದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಟೋಕಿಯೋ ಒಂದು ಉತ್ತರ. 1980ರ ದಶಕದ ಕೊನೆಗೆ ಜಗತ್ತಿನ ಅತಿ ದೊಡ್ಡ ಬ್ಯಾಂಕುಗಳ ಸಾಲಿನಲ್ಲಿ ಮುಂದೆ ಇದ್ದವು ಜಪಾನಿನವು. ಬೇರೆ ದೇಶದವರು ಬೇರೆ ದೇಶದವರೊಂದಿಗೆ ವ್ಯವಹರಿಸುವ ಜಾಗವಾಗಿ ಟೋಕಿಯೋ ಬೆಳೆಯಲಿಲ್ಲ.

ಹೊಸ ಬ್ಯಾಂಕುಗಳಿಗೆ ದೊಡ್ಡ ದೊಡ್ಡ ಹಾಲ್‌ಗಳು ಬೇಕಾದವು. ಸಿಟಿ ಅಂತ ಕರೆಯುವ ಲಂಡನ್ನಿನ ಹಳೇ ಹಣಕಾಸು ಪೇಟೆಯಲ್ಲಿ ಜಾಗ ಇರಲಿಲ್ಲ. ಮುಚ್ಚಿದ ವೆಸ್ಟ್ ಇಂಡಿಯಾ ಡಾಕ್ ಜಾಗದಲ್ಲಿ ಕ್ಯಾನರಿ ವಾರ್ಫ್ ಎದ್ದಿತು. 1991ರಲ್ಲಿ ಅದರ 50 ಮಹಡಿಯ ಗೋಪುರ ಮುಗಿಯಿತು. ಮರುವರ್ಷವೇ ಅದನ್ನು ಕಟ್ಟಿಸಿದ ಕೆನಡಾದ ಒಲಿಂಪಿಯಾ ಅಂಡ್ ಯಾರ್ಕ್ ದಿವಾಳಿಯಾಯಿತು. ಆಮೇಲೆ ಮೆಟ್ರೋ ಬಂತು, ಬ್ಯಾಂಕುಗಳೂ ಬಂದವು. ಡಾಕ್ ಕೆಲಸಗಾರರ ಮಕ್ಕಳಿಗೆ ಅಲ್ಲಿ ಎಷ್ಟು ಕೆಲಸ ಸಿಕ್ಕಿತು? ಅಲ್ಲಿ ಬೇಕಿದ್ದ ಓದೇ ಬೇರೆ, ಅವರಿಗೆ ಗೊತ್ತಿದ್ದ ಕಸುಬೇ ಬೇರೆ. ನಗರ ಪ್ರಭಾವಿಯಾಗುವುದಕ್ಕೂ ನಗರದವರು ಸುಖವಾಗಿರುವುದಕ್ಕೂ ನೇರ ನಂಟಿಲ್ಲ ಅನ್ನುವುದು ಆ ಬೀದಿಗಳಲ್ಲಿ ಕಾಣುತ್ತದೆ.

ಕಣ್ಣು ಮುಚ್ಚಿದ್ದಕ್ಕೆ ತೆತ್ತದ್ದು

ಸುಮ್ಮನಿದ್ದು ಗೆದ್ದ ನಗರಕ್ಕೆ ಸುಮ್ಮನಿರುವುದೇ ಅಭ್ಯಾಸವಾಯಿತು. 1991ರಲ್ಲಿ ವಂಚನೆಯಲ್ಲಿ ಮುಳುಗಿದ್ದ ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಬ್ಯಾಂಕನ್ನು ಹಲವು ದೇಶಗಳ ಅಧಿಕಾರಿಗಳು ಒಟ್ಟಿಗೆ ಮುಚ್ಚಿದಾಗ, ಅದು ಲಂಡನ್ನಿನಿಂದ ಅಷ್ಟು ವರ್ಷ ಹೇಗೆ ನಡೆಯಿತು ಅನ್ನುವ ಪ್ರಶ್ನೆ ಎದ್ದಿತು. 2008ರಲ್ಲಿ ಅಮೆರಿಕದ ವಿಮಾ ಕಂಪನಿ ಎಐಜಿಯನ್ನು ಮುಳುಗಿಸಿದ ಒಪ್ಪಂದಗಳ ಹಿಂದೆ ಇದ್ದದ್ದು ಅದರ ಹಣಕಾಸು ವಿಭಾಗ, ಆ ವಿಭಾಗದ ದೊಡ್ಡ ಕಚೇರಿ ಲಂಡನ್ನಿನಲ್ಲಿತ್ತು. ಅದೇ ವರ್ಷ ಕುಸಿದ ಅಮೆರಿಕದ ಬ್ಯಾಂಕ್ ಲೀಮನ್ ಬ್ರದರ್ಸ್ ತನ್ನ ಸಾಲ ಕಮ್ಮಿ ತೋರಿಸಲು ಬಳಸಿದ ಲೆಕ್ಕದ ಚಳಕ ಇನ್ನೂ ಒಳ್ಳೆಯ ಉದಾಹರಣೆ. ಸಾಲಕ್ಕೆ ಅಡವಿಟ್ಟ ಬಾಂಡ್‌ಗಳನ್ನು ಮಾರಿದ್ದೇವೆ ಅಂತ ತೋರಿಸಬೇಕಿತ್ತು. ಅದು ಮಾರಾಟವೇ ಅಂತ ಬರೆದುಕೊಡುವ ವಕೀಲರು ಅಮೆರಿಕದ ಕಾನೂನಿನಲ್ಲಿ ಸಿಗಲಿಲ್ಲ. ಇಂಗ್ಲಿಷ್ ಕಾನೂನಿನಡಿ ಸಿಕ್ಕರು. ವ್ಯವಹಾರವನ್ನು ಲಂಡನ್ನಿನ ಅಂಗಸಂಸ್ಥೆಯ ಮೂಲಕ ಮಾಡಿದರು.

ಲೈಬೋರ್‌ನ ಗತಿಯೂ ಇದೇ. ಅಮೆರಿಕದ ಎಷ್ಟೋ ಕುಟುಂಬಗಳ ಮನೆ ಸಾಲದ ಬಡ್ಡಿ ಲಂಡನ್ನಿನ ಕೆಲವು ಬ್ಯಾಂಕುಗಳು ಬೆಳಗ್ಗೆ ಹೇಳುವ ಅಂಕಿಯ ಮೇಲೆ ನಿಂತಿತ್ತು. ಪ್ರಭಾವಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ? ಆ ಅಂಕಿಯನ್ನು ಬ್ಯಾಂಕುಗಳು ತಮಗೆ ಬೇಕಾದಂತೆ ತಿರುಚುತ್ತಿದ್ದವು ಅನ್ನುವುದು 2012ರಲ್ಲಿ ಬಯಲಾಯಿತು. ಬಾರ್‌ಕ್ಲೇಸ್ ಒಂದೇ ಸುಮಾರು 29 ಕೋಟಿ ಪೌಂಡ್ ದಂಡ ಕಟ್ಟಿತು. ಡಾಲರ್ ಲೈಬೋರ್ 2023ರ ಜೂನ್ ಕೊನೆಗೆ ನಿಂತಿತು. ಅದರ ಜಾಗಕ್ಕೆ ಬಂದ ದರವನ್ನು ಪ್ರಕಟಿಸುವುದು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್. 1969ರಲ್ಲಿ ಲಂಡನ್‌ಗೆ ಬಂದ ಒಂದು ಅಧಿಕಾರ ಮನೆಗೆ ವಾಪಸಾಯಿತು.

ಬ್ರೆಕ್ಸಿಟ್ ಆದ ಮೇಲೆ

2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಲು ಮತ ಹಾಕಿತು. ಬಾಗಿಲು ತೆರೆದು ಗೆದ್ದ ನಗರದ ಮೇಲೆ ಬಾಗಿಲು ಹಾಕುವ ತೀರ್ಮಾನ ಬಂದಿತ್ತು. ಲಂಡನ್ನಿನ ಜನ ಬಹುಮತದಿಂದ ಅದರ ವಿರುದ್ಧ ಮತ ಹಾಕಿದ್ದರು. 2019ರಲ್ಲಿ ಒಕ್ಕೂಟದ ಔಷಧ ಸಂಸ್ಥೆ ಆಮ್‌ಸ್ಟರ್‌ಡ್ಯಾಮ್‌ಗೆ, ಬ್ಯಾಂಕ್ ನಿಯಂತ್ರಣ ಸಂಸ್ಥೆ ಪ್ಯಾರಿಸ್‌ಗೆ ಹೋದವು. 2021ರ ಜನವರಿಯಲ್ಲಿ ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಲಂಡನ್ನನ್ನು ಹಿಂದೆ ಹಾಕಿತು. 2023ರಲ್ಲಿ ಬ್ರಿಟನ್‌ನದೇ ಚಿಪ್ ವಿನ್ಯಾಸ ಕಂಪನಿ ಆರ್ಮ್ ಷೇರು ಮಾರಲು ನ್ಯೂಯಾರ್ಕ್ ಆರಿಸಿಕೊಂಡಿತು.

ಆದರೂ ವಿದೇಶಿ ವಿನಿಮಯದಲ್ಲಿ 2022ರ ಲೆಕ್ಕ ನೋಡಿ. ಜಗತ್ತಿನ ದಿನದ ವಹಿವಾಟು ಸುಮಾರು 7.5 ಲಕ್ಷ ಕೋಟಿ ಡಾಲರ್. ಅದರಲ್ಲಿ ಬ್ರಿಟನ್ ಪಾಲು ಶೇ 38, ಅಮೆರಿಕದ್ದು ಶೇ 19. 2019ರಲ್ಲಿ ಬ್ರಿಟನ್ ಪಾಲು ಶೇ 43 ಇತ್ತು, ಹಾಗಾಗಿ ಇಳಿದಿದೆ ನಿಜ. ಎರಡನೆಯವರಿಗಿಂತ ಇನ್ನೂ ದುಪ್ಪಟ್ಟು.

ಷೇರು ಬೇಗ ಹೋಯಿತು, ವಿನಿಮಯ ಯಾಕೆ ಹೋಗಲಿಲ್ಲ? ಯುರೋಪಿನ ಕಂಪನಿಗಳ ಷೇರು ಎಲ್ಲಿ ಮಾರಬೇಕು ಅನ್ನುವುದನ್ನು ಒಕ್ಕೂಟದ ನಿಯಮ ಹೇಳಬಲ್ಲದು. ಸಿಂಗಪುರದವರು ಬ್ರೆಜಿಲ್‌ನವರ ಜತೆ ಡಾಲರ್ ಬದಲಾಯಿಸಿಕೊಳ್ಳುವ ಜಾಗವನ್ನು ಹೇಳಲಾರದು. ಯಾರಿಗೂ ಸೇರದ ವ್ಯವಹಾರದಲ್ಲೇ ಲಂಡನ್ ಗಟ್ಟಿ, ಒಂದು ಯಜಮಾನನಿಗೆ ಸೇರಿದ ವ್ಯವಹಾರದಲ್ಲಿ ಅದು ಬಾಡಿಗೆದಾರ.

ಎರಡರ ನಡುವೆ ಸಿಕ್ಕಿಕೊಂಡಿರುವುದು ಯುರೋ ಬಡ್ಡಿ ವಿನಿಮಯ ಒಪ್ಪಂದಗಳ ಇತ್ಯರ್ಥ. ಒಬ್ಬರು ಸ್ಥಿರ ಬಡ್ಡಿ, ಇನ್ನೊಬ್ಬರು ಏರಿಳಿಯುವ ಬಡ್ಡಿ ಕೊಡುವ ಅದಲುಬದಲು ಕರಾರು ಇದು, ಇಬ್ಬರ ನಡುವೆ ನಿಂತು ಲೆಕ್ಕ ತೀರಿಸುವುದು ಇತ್ಯರ್ಥ ಸಂಸ್ಥೆ. ಯುರೋ ಬ್ರಿಟನ್ ಕರೆನ್ಸಿ ಅಲ್ಲ, ಬ್ರಿಟನ್ ಈಗ ಒಕ್ಕೂಟದಲ್ಲೂ ಇಲ್ಲ. ಆದರೂ ಈ ಒಪ್ಪಂದಗಳ ಬಹುಪಾಲು ಲೆಕ್ಕ ಚುಕ್ತಾ ಆಗುವುದು ಲಂಡನ್ನಿನ ಎಲ್‌ಸಿಎಚ್ ಸಂಸ್ಥೆಯಲ್ಲಿ. ಒಕ್ಕೂಟದ ಆಡಳಿತ ಕೂತಿರುವ ಬ್ರಸೆಲ್ಸ್‌ಗೆ ಇದು ಹಿಡಿಸಿಲ್ಲ. ಆದರೂ ಒಕ್ಕೂಟದ ಬ್ಯಾಂಕುಗಳು ಲಂಡನ್ ಬಳಸಲು ಕೊಟ್ಟ ಅನುಮತಿಯ ಗಡುವನ್ನು ಮತ್ತೆ ಮತ್ತೆ ಮುಂದೂಡಿದೆ. ಈಗಿನ ಗಡುವು 2028ರ ಜೂನ್ 30. ಯಾಕೆಂದರೆ ಎಲ್ಲ ಕರೆನ್ಸಿಗಳ ಲೆಕ್ಕ ಒಂದೇ ಕಡೆ ಇದ್ದರೆ ಒಂದರ ನಷ್ಟಕ್ಕೆ ಇನ್ನೊಂದರ ಲಾಭ ವಜಾ ಹಾಕಿ ಭದ್ರತೆಗೆ ಕಮ್ಮಿ ಠೇವಣಿ ಇಟ್ಟರೆ ಸಾಕು. ಯುರೋ ಒಂದನ್ನೇ ಕಿತ್ತು ತಂದರೆ ಖರ್ಚು ಬೀಳುವುದು ಯುರೋಪಿನ ಬ್ಯಾಂಕುಗಳಿಗೇ. 2025ರ ಜೂನ್‌ನಿಂದ ಅವುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಈ ವ್ಯವಹಾರ ಮಾಡುವವು ಒಕ್ಕೂಟದೊಳಗಿನ ಇತ್ಯರ್ಥ ಸಂಸ್ಥೆಯಲ್ಲೂ ಚಾಲ್ತಿಯಲ್ಲಿರುವ ಒಂದು ಖಾತೆ ಇಡಬೇಕು ಅನ್ನುವ ನಿಯಮ ಬಂದಿದೆ. ವಹಿವಾಟಿನಲ್ಲಿ ಇಂತಿಷ್ಟು ಪಾಲು ಕಡ್ಡಾಯವಾಗಿ ಒಳಗೇ ತರಬೇಕು ಅನ್ನುವ ಮಟ್ಟಕ್ಕೆ ಬ್ರಸೆಲ್ಸ್ ಹೋಗಿಲ್ಲ. ಆ ಗಡುವು ಬಂದಾಗ ಇನ್ನೊಂದು ಸಲ ಮುಂದೂಡುತ್ತಾರೆ ಅನ್ನುವುದು ನನ್ನ ಅಂದಾಜು.